ಯುದ್ಧನೌಕೆಯ ಕೊಳಚೆ ಟ್ಯಾಂಕು ಮತ್ತು 3.5 ಕೋಟಿ ಡಾಲರ್ ಬಿಲ್ಲು

ಯುದ್ಧನೌಕೆ ವಿದೇಶಿ ಬಂದರಿಗೆ ಬಂತು ಅಂದ್ರೆ ಟೀವಿಯಲ್ಲಿ ನಮಗೆ ಕಾಣೋದು ಬ್ಯಾಂಡು, ಬಿಳಿ ಸಮವಸ್ತ್ರ, ಹಸ್ತಲಾಘವ. ಇವತ್ತು ನಾನು ಮಾತಾಡೋದು ಆ ಹಡಗಿನ ಶೌಚಾಲಯದ ಬಗ್ಗೆ. ನಗಬೇಡಿ, ಕೋಟಿಗಟ್ಟಲೆ ಡಾಲರ್ ವ್ಯವಹಾರ ಇದು.

ಅಮೆರಿಕದ ಒಂದು ವಿಮಾನವಾಹಕ ನೌಕೆಯಲ್ಲಿ ಸುಮಾರು 5,000 ಜನ ಇರ್ತಾರೆ. ನಡುಸಮುದ್ರದಲ್ಲಿ ಕೊಳಚೆ ನೀರನ್ನ ಹೊರಗೆ ಬಿಡಬಹುದು, ಬಂದರಲ್ಲಿ ಆಗಲ್ಲ. ಟ್ಯಾಂಕಲ್ಲೇ ಹಿಡಿದಿಟ್ಟುಕೊಳ್ಳಬೇಕು, ಅದು ಬೇಗ ತುಂಬುತ್ತೆ. ಖಾಲಿ ಮಾಡೋಕೆ ಬಾರ್ಜ್ ಬೇಕು, ಕಸಕ್ಕೆ ಇನ್ನೊಂದು. ಆಳ ಸಾಲದೆ ದೂರದಲ್ಲೇ ಲಂಗರು ಹಾಕಿದ್ರೆ ಜನರನ್ನ ದಡಕ್ಕೆ ತರೋಕೆ ದೋಣಿಗಳು. ಟಗ್, ಪೈಲಟ್, ಕುಡಿಯೋ ನೀರು, ತರಕಾರಿ ಬೇರೆ. 2000ದ ಅಕ್ಟೋಬರ್‌ನಲ್ಲಿ ಯೆಮನ್‌ನ ಏಡನ್‌ನಲ್ಲಿ ಇಂಧನ ತುಂಬಿಸಿಕೊಳ್ಳುತ್ತಿದ್ದ ಯುಎಸ್‌ಎಸ್ ಕೋಲ್ ಪಕ್ಕಕ್ಕೆ ಸಣ್ಣ ದೋಣಿಯೊಂದು ಬಂದು ಸ್ಫೋಟಿಸಿ 17 ನಾವಿಕರು ಸತ್ತರು. ಆಮೇಲೆ ಕಾವಲಿನ ಖರ್ಚೂ ಬೆಳೀತು.

ಇದನ್ನೆಲ್ಲ ಹೊಂದಿಸಿಕೊಡೋನು ಹಸ್ಬೆಂಡಿಂಗ್ ಏಜೆಂಟ್. ಗಂಡ ಅಂತಲ್ಲ, ಮನೆವಾರ್ತೆ ನೋಡಿಕೊಳ್ಳೋನು ಅನ್ನೋ ಹಳೇ ಅರ್ಥ. ಏಷ್ಯಾದಲ್ಲಿ ಅಮೆರಿಕದ ಸೆವೆಂತ್ ಫ್ಲೀಟ್‌ಗೆ ಈ ಕೆಲಸ ಮಾಡ್ತಿದ್ದವನು ಮಲೇಷ್ಯಾದ ಲಿಯೊನಾರ್ಡ್ ಫ್ರಾನ್ಸಿಸ್, 'ಫ್ಯಾಟ್ ಲಿಯೊನಾರ್ಡ್'. ಸಿಂಗಪುರದಲ್ಲಿ ಅವನ ಕಂಪನಿ, ಗ್ಲೆನ್ ಡಿಫೆನ್ಸ್ ಮೆರೈನ್ ಏಷ್ಯಾ.

ಬಿ.ಕಾಂ. ಓದುವಾಗ ನಮಗೆ ಹೇಳಿಕೊಟ್ಟಿದ್ದು, ಮೂರು ಕಡೆ ಕೊಟೇಶನ್ ತಗೊಳ್ಳಿ, ಮೋಸ ಆಗಲ್ಲ ಅಂತ. ಇವನು ಬೇರೆಯವರ ಹೆಸರಿನ ಕೊಟೇಶನ್‌ಗಳನ್ನೂ ತಾನೇ ಸೃಷ್ಟಿಸಿದ! ಇಲ್ಲದ ಬಂದರು ಪ್ರಾಧಿಕಾರಗಳ ಹೆಸರಲ್ಲೂ ಬಿಲ್ ಹಾಕಿದ. ಅಧಿಕಾರಿಗಳಿಗೆ ದುಬಾರಿ ಊಟ, ಹೋಟೆಲ್, ನಗದು, ವೇಶ್ಯೆಯರು. ಬದಲಿಗೆ ಅವರು ಕೊಟ್ಟಿದ್ದು ಹಡಗುಗಳ ರಹಸ್ಯ ವೇಳಾಪಟ್ಟಿ. ಅವನಿಗೆ ಲಾಭ ಜಾಸ್ತಿ ಇರೋ ಬಂದರುಗಳಿಗೆ ಹಡಗು ತಿರುಗಿಸಿದವರೂ ಇದ್ದಾರೆ. ನನಗೆ ಅತಿ ಭಯ ಹುಟ್ಟಿಸಿದ್ದು ಇದೇ. ಯುದ್ಧನೌಕೆ ಎಲ್ಲಿಗೆ, ಯಾವಾಗ ಹೋಗುತ್ತೆ ಅನ್ನೋದು ಬಾರ್ಜ್ ಬಾಡಿಗೆ ಕೊಡೋನಿಗೆ ಮೊದಲೇ ಗೊತ್ತು. ಕೋಲ್ ಹಡಗಿಗೆ ಆಗಿದ್ದು ನೆನಪಿದೆಯಲ್ಲ?

ಹಾಗಂತ ಬಿಲ್ ನೋಡಿ ಯಾರೂ ತಕರಾರು ತೆಗೀಲಿಲ್ಲ ಅಂತಲ್ಲ, ತೆಗೆದವರು ಇದ್ದರು. ಆದ್ರೆ ತಿಂಗಳುಗಟ್ಟಲೆ ನೀರಲ್ಲೇ ಇದ್ದು ದಡ ನೋಡಿದ ಹುಡುಗರು, ತುಂಬ್ತಾ ಇರೋ ಟ್ಯಾಂಕು, ನಾಲ್ಕು ದಿನಕ್ಕೆ ಮತ್ತೆ ಹೊರಡಬೇಕು. ಚೌಕಾಸಿಗೆ ಪುರುಸೊತ್ತೆಲ್ಲಿ?

2013ರಲ್ಲಿ ಅವನನ್ನ ಸ್ಯಾನ್ ಡಿಯಾಗೋಗೆ ಕರೆಸಿಕೊಂಡು ಹಿಡಿದರು. 2015ರಲ್ಲಿ ತಪ್ಪೊಪ್ಪಿಕೊಂಡ. ಹೆಚ್ಚುವರಿ ಬಿಲ್ಲೇ 3.5 ಕೋಟಿ ಡಾಲರ್. 2022ರಲ್ಲಿ ಕಾಲಿಗೆ ಕಟ್ಟಿದ್ದ ಜಿಪಿಎಸ್ ಪಟ್ಟಿ ಕತ್ತರಿಸಿ ಓಡಿದ, ವೆನೆಜುವೆಲಾದಲ್ಲಿ ಸಿಕ್ಕಿಬಿದ್ದ. 2024ರ ನವೆಂಬರ್‌ನಲ್ಲಿ 15 ವರ್ಷ ಶಿಕ್ಷೆ ಆಯ್ತು.

ಈಗ ಬಿಲ್ ಪಾವತಿಯನ್ನ ಹಡಗಿನಿಂದ ತೆಗೆದು ದಡದ ಕಚೇರಿಗೆ ಕೊಟ್ಟಿದ್ದಾರೆ. ಟ್ಯಾಂಕು ತುಂಬೋದು ಮಾತ್ರ ಹಡಗಲ್ಲೇ. ಮುಂದಿನ ವಾರ ಸಿಗೋಣ.