ಬಲೆಯವರು, ಗಾಳದವರು, ಒಂದೇ ಹಿನ್ನೀರು

ಹೊಸಪೇಟೆ, ಮರಿಯಮ್ಮನಹಳ್ಳಿ ಕಡೆಯಿಂದ ಬರುವ ಕಾಗದಗಳಲ್ಲಿ ಒಂದೇ ದೂರು. ತುಂಗಭದ್ರಾ ಹಿನ್ನೀರಿನ ಮೀನನ್ನೆಲ್ಲ ಬಲೆಯವರು ಬಳಿದುಕೊಂಡು ಹೋಗುತ್ತಾರೆ, ಭಾನುವಾರ ಗಾಳ ಹಾಕಿ ಕೂತವರಿಗೆ ಏನೂ ಸಿಗುವುದಿಲ್ಲ, ಬಲೆಯನ್ನೇ ನಿಷೇಧಿಸಬಾರದೇ ಎಂದು.

ಬೇಡ. ಎಲ್ಲ ಬಲೆಯೂ ಒಂದೇ ಎಂದುಕೊಂಡಿರುವುದೇ ಇಲ್ಲಿನ ತಪ್ಪು.

ಹರಿಗೋಲಿನಲ್ಲಿ ಹೋಗಿ ಸಂಜೆ ಬಿಟ್ಟು, ಬೆಳಗಿನ ಜಾವ ಎತ್ತುವ ಬಲೆ ಇದೆಯಲ್ಲ, ಅದರ ಕೆಲಸ ಗಮನಿಸಿ. ಮೇಲೆ ತೇಲುಬೆಂಡು, ಕೆಳಗೆ ಭಾರ, ನಡುವೆ ಅಡ್ಡಲಾಗಿ ನಿಂತ ನೈಲಾನ್ ದಾರ. ಚಿಕ್ಕ ಮೀನು ಬಲೆಯ ಕಣ್ಣಿನಲ್ಲಿ ನುಸುಳಿ ಆಚೆ ಹೋಗುತ್ತದೆ. ತೀರ ದೊಡ್ಡದಕ್ಕೆ ತಲೆಯೇ ತೂರುವುದಿಲ್ಲ, ಹೆಚ್ಚಿನ ಸಲ ತಿರುಗಿಕೊಂಡು ಹೋಗುತ್ತದೆ. ತಲೆ ತೂರಿ ಮೈ ತೂರದ ಮೀನು ಸಿಕ್ಕಿಬೀಳುತ್ತದೆ. ಹಿಂದೆ ಸರಿಯಲು ಹೋದರೆ ದಾರ ಕಿವಿರಿನ ಮುಚ್ಚಳದಡಿ ಕಚ್ಚಿಕೊಳ್ಳುತ್ತದೆ. ಬಲೆ ಬಿಡಿಸುವವರ ಪಕ್ಕದಲ್ಲಿ ಕೂತು ನೋಡಿದ್ದೇನೆ. ಒಂದು ಬಲೆಯ ರೋಹುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆ, ಕಿವಿರಿನ ಹಿಂದೆ ದಾರದ ಕೆಂಪು ಗೀರು. ಕಣ್ಣು ಅಗಲವಿದ್ದರೆ ಮರಿ ಉಳಿಯುತ್ತದೆ. ಇನ್ನೊಮ್ಮೆ ಹೇಳುತ್ತೇನೆ: ಯಾವ ಮೀನು ಸಾಯಬೇಕು, ಯಾವುದು ಬೆಳೆಯಬೇಕು ಎಂದು ಗೊತ್ತುಮಾಡುವುದು ಬಲೆಯ ಕಣ್ಣು.

ಅಲಿವಿ ಎಂಬ ಬಲೆ ಬೇರೆ. ಉದ್ದನೆಯ ಬಲೆಯಿಂದ ನೀರನ್ನು ಸುತ್ತುವರಿದು, ಜನ ಸಾಲುಗಟ್ಟಿ ದಡಕ್ಕೆ ಎಳೆಯುತ್ತಾರೆ. ಅದರ ಕಣ್ಣು ಸೊಳ್ಳೆಪರದೆಯಷ್ಟು ಒತ್ತು, ಅದರಿಂದ ಯಾವುದೂ ನುಸುಳುವುದಿಲ್ಲ. ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡುವ ನೀರು ಬೇಸಿಗೆಯಲ್ಲಿ ಇಳಿದು ಮೀನೆಲ್ಲ ಒತ್ತೊತ್ತಾದಾಗ ಅಲಿವಿ ಎಳೆದರೆ, ಬೆರಳುದ್ದದ ಕಾಟ್ಲಾ ಮರಿಯೂ ಚಿಲ್ಲರೆ ಮೀನಿನ ಜತೆ ಬಿಸಿಲಿಗೆ ಒಣಗಲು ಬೀಳುತ್ತದೆ. ಬಿಟ್ಟಿದ್ದರೆ ಅದು ಕೆಜಿಗಟ್ಟಲೆ ತೂಗುತ್ತಿತ್ತು. ಅಗಲಕಣ್ಣಿನ ಬಲೆಯವನಿಗೂ ಸಿಗುತ್ತಿತ್ತು, ನಿಮ್ಮ ಗಾಳಕ್ಕೂ ಸಿಗುತ್ತಿತ್ತು. ನಷ್ಟ ಇಬ್ಬರಿಗೂ ಒಂದೇ. ಹಾಗಿದ್ದೂ ಇಬ್ಬರೂ ದಡದಲ್ಲಿ ನಿಂತು ಒಬ್ಬರನ್ನೊಬ್ಬರು ಬೈಯುತ್ತಾರೆ.

ಗಾಳದಿಂದ ಎಷ್ಟು ಮಹಾ ಮೀನು ಹೋದೀತು ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಗಾಳದವರ ಆಸೆಯೆಲ್ಲ ದೊಡ್ಡ ಮೀನಿನ ಮೇಲೆ. ಬಲೆ ತಪ್ಪಿಸಿಕೊಂಡು ಬೆಳೆದ ಹೆಣ್ಣುಮೀನು ಅದು. ಹದಕ್ಕೆ ಬಂದಾಗ ಅದರ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆ. ಮುಂಗಾರಿನ ಹೊಸ ನೀರಿಗೆ ಹೊಳೆ ಹತ್ತಿ ಹೊರಟ ಅಂಥ ಮೀನನ್ನು ಹಿಡಿದು ಫೋಟೋ ತೆಗೆಸಿಕೊಳ್ಳುವುದು ಶೌರ್ಯವಲ್ಲ. ಜೂನ್, ಜುಲೈನಲ್ಲಿ ಗಾಳ ಮನೆಯಲ್ಲೇ ಇರಲಿ.

ಗಾಳದವರಿಗೆ ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಪರವಾನಗಿಯ ವಿಚಾರ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಂಡೇ ಹೋಗಿ. ಹಗಲು ಹೊತ್ತು ಗಾಳ ಹಾಕಿ, ತೇಲುಬೆಂಡು ಕಂಡ ಕಡೆ ದೂರ ಸರಿಯಿರಿ. ನೀರಿಗೆ ಬಿಡುವ ಮೀನನ್ನು ಒದ್ದೆ ಕೈಯಲ್ಲಿ ಹಿಡಿಯಿರಿ, ಒಣಗೈಗೆ ಅದರ ಮೈಲೋಳೆ ಕಿತ್ತುಬರುತ್ತದೆ. ಗಾಳ ಬಲೆಗೆ ಸಿಕ್ಕಿಕೊಂಡರೆ ನಿಮ್ಮ ದಾರ ಕತ್ತರಿಸಿ, ಬಲೆ ಕೊಯ್ಯಬೇಡಿ. ತುಂಡಾಗಿ ತಳ ಸೇರಿದ ನೈಲಾನ್ ಬಲೆ ಕೊಳೆಯುವುದಿಲ್ಲ, ಎತ್ತುವವರಿಲ್ಲದೆ ಮೀನು ಕೊಲ್ಲುತ್ತಲೇ ಇರುತ್ತದೆ. ಇನ್ನು ನಿಷೇಧದ ಕಾಗದ ಬರೆಯುವುದೇ ಆದರೆ ಅಲಿವಿಯ ಮೇಲೆ ಬರೆಯಿರಿ, ಬಲೆಯವರ ಸಹಿಯನ್ನೂ ಹಾಕಿಸಿ ಇಲಾಖೆಗೆ ಕಳುಹಿಸಿ.