ಸುಳಿವು ಕೈಗಿಡದ ಆಟ

1993ರಲ್ಲಿ ಅಮೆರಿಕದ ಮಿಲ್ಲರ್ ಸಹೋದರರು ರೂಪಿಸಿದ ‘ಮಿಸ್ಟ್’ ವಿಡಿಯೊ ಗೇಮಿನಲ್ಲಿ ಕಾದಾಟವಿಲ್ಲ, ಗಡುವಿಲ್ಲ. ನಿರ್ಜನ ದ್ವೀಪ, ಅಲೆಯ ಸದ್ದು, ಬಿಡಿಸಬೇಕಾದ ಒಗಟುಗಳು, ಅಷ್ಟೇ. ಆಡಿದವರಲ್ಲಿ ಕೆಲವರು ಮನಸೋತರು, ಕೆಲವರು ಬರೀ ಸ್ಲೈಡ್ ಷೋ ಎಂದು ಮೂಗು ಮುರಿದರು. ಮನಸೋತವರ ಮಾತೇ ನನಗೆ ಸರಿಯೆನಿಸುತ್ತದೆ: ಸುಳಿವು ಕೈಗಿಡದೆ ನಾವೇ ಹುಡುಕುವಂತೆ ಮಾಡುವುದರಲ್ಲೇ ಸೊಗಸು. ನಮ್ಮ ಬಸರಾಳಿನಲ್ಲಿ 1234ರ ಸುಮಾರಿಗೆ ಹರಿಹರ ದಣ್ಣಾಯಕ ಕಟ್ಟಿಸಿದ ಮಲ್ಲಿಕಾರ್ಜುನ ದೇಗುಲವನ್ನೇ ನೋಡಿ: ಅಲ್ಲಿನ ಶಿಲ್ಪದಲ್ಲಿ ಸಾಲು ತಲೆಗಳು, ಮೇಲೆತ್ತಿದ ಬೆಟ್ಟ ಕಂಡರೆ ರಾವಣನೆಂದು ನೋಡುವವರೇ ಹೊಂದಿಸಿಕೊಳ್ಳಬೇಕು. ಹೊಂದಿಸಿಕೊಳ್ಳುವುದರಲ್ಲೇ ಸುಖ. ಕತೆ ಗೊತ್ತಿಲ್ಲದವರಿಗೆ ಅದು ಬರೀ ಕಲ್ಲಲ್ಲವೇ ಎನ್ನಬಹುದು. ಹೌದು, ಮಿಸ್ಟ್‌ನಲ್ಲೂ ದಾರಿ ಕಾಣದೆ ಕೈಬಿಟ್ಟವರುಂಟು. ಆದರೆ ಅಲ್ಲಿ ಹಲವು ಸುಳಿವುಗಳು ದ್ವೀಪದ ಗ್ರಂಥಾಲಯದ ಪುಸ್ತಕಗಳಲ್ಲೇ ಇವೆ. ಪುಟ ತಿರುವುವ ತಾಳ್ಮೆ ಬೇಕು. ಒಂದು ದೂರನ್ನು ಮಾತ್ರ ಒಪ್ಪಲೇಬೇಕು: ಸ್ವರ ಗುರುತಿಸಿದರಷ್ಟೇ ಬಿಡಿಸಬಹುದಾದ ಒಗಟು ಕಿವಿ ಮಂದವಾದವರಿಗೆ ಅನ್ಯಾಯವೇ ಸರಿ.