ತುಂಡುಬಟ್ಟೆಯ ಒಳಅಂಗಿ



ಪರಿಸರದ ವೇದಿಕೆಯಲ್ಲಿ ಹುಡುಗಿಯರ ಒಳಅಂಗಿಯ ಹೊಲಿಗೆಯ ಬಗ್ಗೆ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಮಲೆನಾಡಿನ ಪೇಟೆಗಳಲ್ಲಿ ದರ್ಜಿಯ ಅಂಗಡಿಯ ಹಿಂಬದಿಯನ್ನು ಕಂಡವರಿಗೆ ಆ ಸಂಶಯ ಉಳಿಯದು. ರವಿಕೆ, ಚೂಡಿದಾರ, ಶಾಲಾ ಸಮವಸ್ತ್ರಗಳನ್ನು ಕತ್ತರಿಸಿ ಉಳಿದ ಬಟ್ಟೆ ಗೋಣಿಚೀಲ ಸೇರಿ ಹಳ್ಳದ ದಂಡೆಗೆ ಹೋಗುತ್ತದೆ. ಇಲ್ಲವೇ ಬಚ್ಚಲ ಒಲೆಗೆ. ಪಾಲಿಯೆಸ್ಟರ್ ಆಗಿದ್ದರೆ ಒಲೆಯಲ್ಲಿ ಅದು ವಿಷದ ಹೊಗೆ. ಹಳ್ಳದಲ್ಲಿ, ಸವೆದು ನೀರಿಗೆ ಸೇರುವ ಪ್ಲಾಸ್ಟಿಕ್ ಎಳೆ.

ಹತ್ತಿಯ ಚೂರು ಮಣ್ಣಿನಲ್ಲಿ ಕೊಳೆಯುತ್ತದೆ, ನಿಜ. ಅದಕ್ಕೆ ತಗುಲಿದ ವೆಚ್ಚ ಮಾತ್ರ ಮರಳಿ ಬಾರದು. ಮಳೆಯ ನೀರು, ನೀರಾವರಿ ಎರಡನ್ನೂ ಸೇರಿಸಿದರೆ ಒಂದು ಕಿಲೋ ಹತ್ತಿಬಟ್ಟೆಗೆ ಜಗತ್ತಿನ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ಬೇಕೆಂಬುದು ತಜ್ಞರ ಲೆಕ್ಕ. ಧಾರವಾಡ ಸೀಮೆಯ ಜಯಧರದಂಥ ದೇಸಿ ಹತ್ತಿ ಮಳೆಯನ್ನೇ ನಂಬಿ ಬೆಳೆಯುತ್ತಿತ್ತು. 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆತ ಬಳಿಕ ದೇಶದ ಹತ್ತಿ ಹೊಲಗಳ ಬಹುಭಾಗ ಕೊಂಡು ತರುವ ಹೈಬ್ರಿಡ್ ಬೀಜದ ವಶವಾಯಿತು. ಅಷ್ಟೆಲ್ಲ ಕಳೆದು ಬಂದ ಬಟ್ಟೆಯನ್ನು ಅಂಗೈ ಅಗಲವೆಂದು ಬಿಸಾಡುವುದು ರೈತನಿಗೂ ಮಾಡುವ ಅವಮಾನ.

ಇನ್ನು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅಟ್ಟದ ಹಗ್ಗದಲ್ಲಿ ಬಟ್ಟೆ ಒಣಗುವುದೇ ಇಲ್ಲ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ನೈಲಾನ್ ಸ್ಲಿಪ್ ಬೇಗ ಒಣಗುತ್ತದೆಂದು ತಾಯಂದಿರು ಕೊಳ್ಳುತ್ತಾರೆ. ಆದರೆ ಅದು ಬೆವರನ್ನು ಹೀರದು. ತೇವ ಮೈಗಂಟಿದಲ್ಲಿ ಗಜಕರ್ಣದ ಶಿಲೀಂಧ್ರಕ್ಕೆ ಹಬ್ಬ. ಇದಕ್ಕೆ ತೆಳು ಹತ್ತಿಯ ಒಂಟಿ ಪದರದ ಅಂಗಿಯೇ ಉತ್ತರ. ಅದು ಬೆವರು ಹೀರುತ್ತದೆ, ಒಲೆಯ ಕಾವಿನಲ್ಲಿ ಒಣಗುತ್ತದೆ.

ಬಟ್ಟೆಯ ಪರೀಕ್ಷೆ ಸುಲಭ. ಒಂದೆಳೆ ಕಿತ್ತು ದೀಪಕ್ಕೆ ಹಿಡಿದರೆ ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆರಿಸಿದ ಹತ್ತಿಯನ್ನು ಮೊದಲು ನೆನೆಸಿ ಒಣಗಿಸಬೇಕು, ಇಲ್ಲವಾದರೆ ಹೊಲಿದ ಮೇಲೆ ಕುಗ್ಗುತ್ತದೆ. ಎದೆಸುತ್ತು 64 ಸೆಂಟಿಮೀಟರ್ ಇರುವ ಹುಡುಗಿಗೆ 40 ಸೆಂ.ಮೀ. ಅಗಲ, 45 ಸೆಂ.ಮೀ. ಉದ್ದದ ಎರಡು ತುಂಡು ಸಾಕು. ತುಂಡು ಚಿಕ್ಕದಿದ್ದರೆ ಜೋಡಿಸಬಹುದು. ಆದರೆ ಹಾಸಿನ ಎಳೆ ಎಲ್ಲದರಲ್ಲೂ ಮೇಲಿನಿಂದ ಕೆಳಕ್ಕೇ ಇರಲಿ, ಜೋಡಿಸಿದ ಅಂಚನ್ನು ಒಳಮಡಚಿ ಎರಡನೆಯ ಹೊಲಿಗೆ ಹಾಕಬೇಕು. ಬಿಚ್ಚಿಕೊಂಡ ಎಳೆ ಚರ್ಮವನ್ನು ಉಜ್ಜಬಾರದು.

ಪಕ್ಕಗಳನ್ನು ಕೂಡಿಸಿ ಮೇಲಂಚನ್ನು ಎರಡು ಸೆಂಟಿಮೀಟರ್ ಮಡಚಿ ಹೊಲಿದರೆ ಎಲಾಸ್ಟಿಕ್‌ಗೆ ದಾರಿಯಾಯಿತು. ತೂರಿಸಲು ಸಣ್ಣ ಜಾಗ ಬಿಡುವುದನ್ನು ಮರೆಯಬಾರದು. ಒಂದು ಸೆಂ.ಮೀ. ಅಗಲದ ಎಲಾಸ್ಟಿಕ್ಕನ್ನು ಎದೆಯ ಮೇಲ್ಭಾಗದ ಸುತ್ತಳತೆಗಿಂತ ಹತ್ತನೆಯ ಒಂದು ಭಾಗ ಕಡಿಮೆ ಕತ್ತರಿಸಿ, ಪಿನ್ನು ಸಿಕ್ಕಿಸಿ ತೂರಿಸಿ, ತುದಿಗಳನ್ನು ಒಂದರ ಮೇಲೊಂದಿಟ್ಟು ಹೊಲಿಯಬೇಕು. ಅಂಚಿಗೆ ನೇರವಾಗಿ ಹೊಲಿಯುವ ಪದ್ಧತಿಯೂ ಇದೆ. ಆದರೆ ಮನೆಯ ಕಾಲುಯಂತ್ರದಲ್ಲಿ ಇರುವುದು ನೇರ ಹೊಲಿಗೆ, ಅಂಗಿಯನ್ನು ಎಳೆದಾಗ ದಾರ ತುಂಡಾಗುತ್ತದೆ. ದಾರಿ ಮಾಡಿ ತೂರಿಸಿದರೆ ಆ ಭಯವಿಲ್ಲ. ನಾಲ್ಕು ಸೆಂ.ಮೀ. ಅಗಲದ ಪಟ್ಟಿಯನ್ನು ನಾಲ್ಕು ಪದರ ಮಡಚಿದರೆ ಭುಜದ ಪಟ್ಟಿ. ಮಗು ಬೆಳೆಯುತ್ತದಾದ್ದರಿಂದ ಪಟ್ಟಿಯ ತುದಿಯನ್ನು ಒಳಗೆ ಉದ್ದಕ್ಕೆ ಬಿಡುವುದು ಜಾಣತನ.

ಈ ಅಂಗಿಯಲ್ಲಿ ಮಣ್ಣಿಗೆ ಸುಲಭವಾಗಿ ಸೇರದ ಮುಖ್ಯ ಭಾಗವೆಂದರೆ ಎಲಾಸ್ಟಿಕ್. ಒಳಗಿನ ಎಳೆ ರಬ್ಬರ್ ಅಥವಾ ಸ್ಪ್ಯಾಂಡೆಕ್ಸ್, ಹೊದಿಕೆ ಬಹುಪಾಲು ಪಾಲಿಯೆಸ್ಟರ್. ರಬ್ಬರ್ ಸಹಜ ವಸ್ತುವಾದರೂ ಅದರ ಕಥೆ ನಿರ್ಮಲವೇನಲ್ಲ. ಸುಳ್ಯದ ಕಡೆಯ ರಬ್ಬರ್ ತೋಟಗಳು ಎದ್ದ ನೆಲದ ಬಗ್ಗೆ ಅಲ್ಲಿನ ಹಿರಿಯರನ್ನು ಕೇಳಬೇಕು. ಬಿಸಿಲು, ಎಣ್ಣೆ, ಕುದಿನೀರು ಎಲಾಸ್ಟಿಕ್‌ನ ಶತ್ರುಗಳು. ಅಂಗಿ ಹರಿದಾಗ ಅದನ್ನು ಹೊರಗೆಳೆದು ಮುಂದಿನದಕ್ಕೆ ಬಳಸಬಹುದು. ತೂರಿಸುವ ಪದ್ಧತಿಯ ದೊಡ್ಡ ಲಾಭವೇ ಇದು.

ಅಂಗಿಗೂ ಒದಗದ ಚೂರುಗಳಿಗೆ ಯಲ್ಲಾಪುರ, ಹಳಿಯಾಳದ ಸಿದ್ದಿ ಮಹಿಳೆಯರು ದಾರಿ ತೋರಿಸಿದ್ದಾರೆ. ಹಳೆಯ ಬಟ್ಟೆಯನ್ನು ಅಂಚಿನಿಂದ ನಡುವಿನತ್ತ ಜೋಡಿಸುತ್ತ ಅವರು ಕೌದಿ ಹೊಲಿಯುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಪುಟ್ಟ ಹೂವು ಇಡದೆ ಕೌದಿ ಮುಗಿಯಿತೆಂದು ಅವರು ಒಪ್ಪುವುದಿಲ್ಲ.